ಹಳೆಯ ಹೋಮ್ ಕಂಪ್ಯೂಟರಿಗೆ ಹೊಸ ಲ್ಯಾಪ್‌ಟಾಪಿನ ನಂಟು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಸೇರಿದವಾದ್ದರಿಂದ ಅವನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ. ನಾಲ್ವರ ಬಳಿಯೂ 1980ರ ದಶಕದ ಹೋಮ್ ಕಂಪ್ಯೂಟರ್ ಇದೆ, ನಾಲ್ವರಿಗೂ ಅದನ್ನು ಇಂದಿನ ಕಂಪ್ಯೂಟರಿಗೆ ಕಡಿಮೆ ಖರ್ಚಿನಲ್ಲಿ ಜೋಡಿಸಬೇಕಿದೆ.

ಪ್ರಶ್ನೆ: ಅಟ್ಟದ ಮೇಲಿದ್ದ 48 ಕೆ ಝಡ್‌ಎಕ್ಸ್ ಸ್ಪೆಕ್ಟ್ರಮ್ ಇನ್ನೂ ನಡೆಯುತ್ತಿದೆ. ಜೊತೆಗೆ ಹತ್ತು ಹನ್ನೆರಡು ಕ್ಯಾಸೆಟ್‌ಗಳಿವೆ. ಟೇಪ್ ರೆಕಾರ್ಡರ್ ಓಡುತ್ತದೆ, ಆದರೆ ಅದರಿಂದ ಒಂದು ಪ್ರೋಗ್ರಾಮೂ ಲೋಡ್ ಆಗುತ್ತಿಲ್ಲ. ಲ್ಯಾಪ್‌ಟಾಪಿನಿಂದಲೇ ಲೋಡ್ ಮಾಡಲು ಮತ್ತು ಕ್ಯಾಸೆಟ್‌ಗಳನ್ನು ಅದರಲ್ಲಿ ಉಳಿಸಿಕೊಳ್ಳಲು ಏನು ಕೊಳ್ಳಬೇಕು?

ಉತ್ತರ: ಎರಡು ತುದಿಯಲ್ಲೂ 3.5 ಮಿಲಿಮೀಟರ್ ಪಿನ್ ಇರುವ ಒಂದು ಆಡಿಯೋ ಕೇಬಲ್ ಕೊಂಡರೆ ಅರ್ಧ ಕೆಲಸ ಮುಗಿದಂತೆ. 1982ರಲ್ಲಿ ಬಂದ ಈ ಯಂತ್ರ ಪ್ರೋಗ್ರಾಮನ್ನು ಸದ್ದಿನ ರೂಪದಲ್ಲೇ ಓದಿ ಬರೆಯುತ್ತದೆ. ಸೊನ್ನೆಗೆ ಸುಮಾರು 2000 ಹರ್ಟ್ಸ್‌ನ ಒಂದು ಅಲೆ, ಒಂದಕ್ಕೆ ಅದರ ಎರಡರಷ್ಟು ಉದ್ದದ, ಅಂದರೆ ಸುಮಾರು 1000 ಹರ್ಟ್ಸ್‌ನ ಇನ್ನೊಂದು ಅಲೆ. ಹಾಡು ಕೇಳಿಸಲೆಂದು ಮಾಡಿದ ಲ್ಯಾಪ್‌ಟಾಪಿನ ಧ್ವನಿ ವ್ಯವಸ್ಥೆಗೆ ಇದೇನೂ ಭಾರವಲ್ಲ. ಸೆಕೆಂಡಿಗೆ 44,100 ಮಾದರಿಗಳ ಸಾಮಾನ್ಯ ಧ್ವನಿಮುದ್ರಣದಲ್ಲಿ ಸೊನ್ನೆಯ ಗಿಡ್ಡ ಅಲೆಗೂ ಇಪ್ಪತ್ತಕ್ಕಿಂತ ಹೆಚ್ಚು ಮಾದರಿಗಳು ಸಿಗುತ್ತವೆ.

ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕಿನಿಂದ ಸ್ಪೆಕ್ಟ್ರಮ್‌ನ 'ಇಯರ್' ಎಂದು ಬರೆದಿರುವ ರಂಧ್ರಕ್ಕೆ ಕೇಬಲ್ ಹಾಕಿ. ಈ ರಂಧ್ರ ಮೋನೋ ಆದ್ದರಿಂದ ಸ್ಟೀರಿಯೋ ಪಿನ್ನನ್ನು ನೇರವಾಗಿ ತುರುಕಿದರೆ ಬಲ ಚಾನೆಲ್ ಗ್ರೌಂಡ್ ತಂತಿಗೆ ಶಾರ್ಟ್ ಆಗುತ್ತದೆ; ಸ್ಟೀರಿಯೋದಿಂದ ಮೋನೋಗೆ ಇಳಿಸುವ ಪುಟ್ಟ ಅಡಾಪ್ಟರ್ ನಡುವೆ ಇದ್ದರೆ ಒಳ್ಳೆಯದು. ಕಂಪ್ಯೂಟರಿನಲ್ಲಿ 'ಟ್ಯಾಪ್' ಅಥವಾ 'ಟಿಝಡ್‌ಎಕ್ಸ್' ರೂಪದಲ್ಲಿರುವ ಪ್ರೋಗ್ರಾಮಿನ ಕಡತವನ್ನು ಉಚಿತ ತಂತ್ರಾಂಶವೊಂದರಿಂದ ವೇವ್ ಧ್ವನಿ ಕಡತವಾಗಿ ಬದಲಾಯಿಸಿಕೊಳ್ಳಿ. ಸ್ಪೆಕ್ಟ್ರಮ್‌ನಲ್ಲಿ ಜೆ ಕೀಲಿಯನ್ನು ಒತ್ತಿದರೆ 'ಲೋಡ್' ಎಂಬ ಪದ ಪೂರ್ತಿಯಾಗಿ ಮೂಡುತ್ತದೆ. ಆಮೇಲೆ ಸಿಂಬಲ್ ಶಿಫ್ಟ್ ಹಿಡಿದು ಪಿ ಕೀಲಿಯನ್ನು ಎರಡು ಸಲ ಒತ್ತಿ, ಎಂಟರ್ ಕೊಟ್ಟು, ಲ್ಯಾಪ್‌ಟಾಪಿನಲ್ಲಿ ಧ್ವನಿಯನ್ನು ಶುರುಮಾಡಿ.

ಏನಾಗುತ್ತಿದೆ ಎಂಬುದನ್ನು ಪರದೆಯ ಅಂಚೇ ಹೇಳುತ್ತದೆ. ಮೊದಲು ಬರುವ ಎಳೆದ ಸ್ವರಕ್ಕೆ ಕೆಂಪು ಮತ್ತು ತಿಳಿನೀಲಿಯ ಅಗಲ ಪಟ್ಟಿಗಳು ಹರಿಯಬೇಕು, ಅದರ ಬೆನ್ನಿಗೆ ಬರುವ ಕರ್ಕಶ ಸದ್ದಿಗೆ ನೀಲಿ ಮತ್ತು ಹಳದಿಯ ತೆಳು ಗೆರೆಗಳು ಕಾಣಬೇಕು. ಎಳೆದ ಸ್ವರ ಬರುತ್ತಿರುವಾಗಲೂ ಪಟ್ಟಿಗಳು ಹರಿಯದಿದ್ದರೆ ಧ್ವನಿ ಸಾಲದು ಎಂದರ್ಥ. ಈ ಯಂತ್ರಕ್ಕೆ ಧ್ವನಿ ಸಾಕಷ್ಟು ಜೋರಾಗಿಯೇ ಬೇಕು. ಮುಕ್ಕಾಲು ಪಾಲಿನಿಂದ ಆರಂಭಿಸಿ ಮೇಲಕ್ಕೆ ಹೋಗಿ. ಮೊಬೈಲಿನಿಂದ ಪ್ರಯತ್ನಿಸಿ ಸೋತವರು ಬಹಳ ಮಂದಿ, ಏಕೆಂದರೆ ಅನೇಕ ಮೊಬೈಲ್‌ಗಳ ಹೆಡ್‌ಫೋನ್ ಧ್ವನಿ ಇದಕ್ಕೆ ತೀರಾ ಮೆಲುವು. ಬಾಸ್ ಹೆಚ್ಚಿಸುವ, ಧ್ವನಿಯನ್ನು 'ಸುಧಾರಿಸುವ' ಸೌಲಭ್ಯಗಳನ್ನೆಲ್ಲ ಆರಿಸಿಡಿ. ಸಂದೇಶ ಬಂದಾಗ ಮೊಳಗುವ ಸದ್ದನ್ನೂ ಮರೆಯದೆ ಆರಿಸಿ: ನಾಲ್ಕು ನಿಮಿಷ ಲೋಡ್ ಆಗಿ ಇನ್ನೇನು ಮುಗಿಯಬೇಕು ಎನ್ನುವಾಗ 'ಟಿಣ್' ಎಂದ ಒಂದೇ ಒಂದು ಸಂದೇಶದಿಂದ ನಾನು ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗಿ ಬಂದಿತ್ತು, ಮತ್ತು ಆ ಸಂದೇಶ ಬರಿಯ ಜಾಹೀರಾತಾಗಿತ್ತು.

ಇನ್ನು ಕ್ಯಾಸೆಟ್‌ಗಳ ವಿಷಯ. ನಿಮ್ಮ ಟೇಪ್ ರೆಕಾರ್ಡರಿನಿಂದ ಲೋಡ್ ಆಗದಿರುವುದಕ್ಕೆ ಬಹುಶಃ ಕ್ಯಾಸೆಟ್ ಕಾರಣವಲ್ಲ, ರೆಕಾರ್ಡರಿನ ಹೆಡ್ ಕಾರಣ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹೆಡ್ಡನ್ನು ಒರೆಸಿ. ಆಮೇಲೆ ಕ್ಯಾಸೆಟ್ ನುಡಿಸುತ್ತಾ, ಹೆಡ್ಡಿನ ಪಕ್ಕದಲ್ಲಿರುವ ಚಿಕ್ಕ ತಿರುಪನ್ನು ಅತ್ತಿತ್ತ ಕೂದಲೆಳೆಯಷ್ಟು ತಿರುಗಿಸಿದರೆ ಸದ್ದು ಒಂದು ಜಾಗದಲ್ಲಿ ಮಂಕು ಕಳೆದು ಚೂಪಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಕಿವಿಯೇ ಇದಕ್ಕೆ ತಕ್ಕ ಉಪಕರಣ. ಹೀಗೆ ಸರಿಹೋದ ರೆಕಾರ್ಡರಿನಿಂದ ಧ್ವನಿಯನ್ನು ಲ್ಯಾಪ್‌ಟಾಪಿಗೆ ಮುದ್ರಿಸಿಕೊಂಡು, ಆ ವೇವ್ ಕಡತವನ್ನು ಹಾಗೆಯೇ ಇಟ್ಟುಕೊಳ್ಳಿ. ಎಂಪಿ3 ಮಾಡಬೇಡಿ, ಮನುಷ್ಯನ ಕಿವಿಗೆ ಬೇಡವೆಂದು ಅದು ಕಿತ್ತೆಸೆಯುವುದು ಯಂತ್ರಕ್ಕೆ ಬೇಕಾಗಿರಬಹುದು.

ಇಂದಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಹೆಡ್‌ಫೋನಿಗೂ ಮೈಕಿಗೂ ಸೇರಿ ಒಂದೇ ಜ್ಯಾಕ್ ಇರುವುದು ಮುದ್ರಣಕ್ಕೆ ತೊಡಕು. ಮೈಕಿಗೆ ಪ್ರತ್ಯೇಕ ರಂಧ್ರವಿರುವ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ಕೊಂಡರೆ ಈ ತೊಡಕು ತೀರುತ್ತದೆ. ಮುದ್ರಣದಲ್ಲಿ ಗುಂಯ್ ಎನ್ನುವ ಹಿನ್ನೆಲೆ ಕೇಳಿಸಿದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲೇ ನಡೆಸಿ ನೋಡಿ. ಸ್ಪೆಕ್ಟ್ರಮ್‌ನಿಂದಲೇ ಪ್ರೋಗ್ರಾಮ್ ಸೇವ್ ಮಾಡುವಾಗ 'ಮೈಕ್' ರಂಧ್ರವನ್ನು ಬಳಸಿ, ಆಗ 'ಇಯರ್' ಕೇಬಲನ್ನು ಕಿತ್ತಿಡಿ.

ಪ್ರಶ್ನೆ: ನನ್ನಲ್ಲಿರುವುದು ಕಮೊಡೋರ್ 64, ಜೊತೆಗೆ 1541 ಫ್ಲಾಪಿ ಡ್ರೈವ್. ಇದಕ್ಕೂ ಆಡಿಯೋ ಕೇಬಲ್ ನಡೆಯುತ್ತದೆಯೇ? ಹಳೆಯ ಪ್ಯಾರಲಲ್ ಪೋರ್ಟ್ ಕೇಬಲ್ ಒಂದು ಸಿಕ್ಕಿದೆ. ಅದಕ್ಕೆ ಯುಎಸ್‌ಬಿ ಪರಿವರ್ತಕ ಹಾಕಿದರೆ ಆದೀತೇ?

ಉತ್ತರ: ಎರಡೂ ಆಗುವುದಿಲ್ಲ. ಕಮೊಡೋರ್‌ನ ಕ್ಯಾಸೆಟ್ ಪೋರ್ಟಿನಲ್ಲಿ ಸದ್ದು ಹರಿಯುವುದೇ ಇಲ್ಲ. ಸದ್ದನ್ನು ಚೌಕ ಅಲೆಗಳಾಗಿ ತಿದ್ದುವ ಮಂಡಲವನ್ನು ಆ ಕಂಪನಿ ತನ್ನ ಡೇಟಾಸೆಟ್ ಎಂಬ ರೆಕಾರ್ಡರಿನ ಒಳಗೇ ಇಟ್ಟಿತ್ತು, ಕಂಪ್ಯೂಟರಿಗೆ ತಲಪುವುದು 0 ಅಥವಾ 5 ವೋಲ್ಟ್ ಮಾತ್ರ. ಡೇಟಾಸೆಟ್ ನಿಮ್ಮಲ್ಲಿದ್ದರೆ, ಕಾರಿನ ಸ್ಟೀರಿಯೋಗೆಂದು ಬರುತ್ತಿದ್ದ ಕ್ಯಾಸೆಟ್ ಆಕಾರದ ಅಡಾಪ್ಟರನ್ನು ಅದರೊಳಗಿಟ್ಟು ಲ್ಯಾಪ್‌ಟಾಪಿನಿಂದ ನುಡಿಸಬಹುದು. ತುಸು ಹುಚ್ಚಾಟದಂತೆ ಕಂಡರೂ ಇದು ಕೆಲಸ ಮಾಡುತ್ತದೆ.

ಪ್ಯಾರಲಲ್ ಕೇಬಲಿನ ಕತೆ ಬೇರೆ. ಆ ಕಾಲದ ಡಾಸ್ ಕಂಪ್ಯೂಟರಿನ ಪ್ರಿಂಟರ್ ಪೋರ್ಟಿನಲ್ಲಿ ಪ್ರತಿಯೊಂದು ತಂತಿಯನ್ನೂ ಪ್ರೋಗ್ರಾಮು ತನಗೆ ಬೇಕಾದ ಗಳಿಗೆಯಲ್ಲಿ ಎತ್ತಿ ಇಳಿಸಬಹುದಾಗಿತ್ತು, 1541 ಡ್ರೈವಿನೊಡನೆ ಮಾತಾಡಲು ಬೇಕಾದುದೂ ಅದೇ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಪರಿವರ್ತಕ ಹಾಗಲ್ಲ: ಅಕ್ಷರಗಳನ್ನು ಕಟ್ಟುಕಟ್ಟಾಗಿ ಪ್ರಿಂಟರಿಗೆ ಸಾಗಿಸುವುದಷ್ಟೇ ಅದರ ಕಸುಬು, ತಂತಿಗಳ ಹಿಡಿತವನ್ನು ಅದು ಯಾರಿಗೂ ಬಿಟ್ಟುಕೊಡುವುದಿಲ್ಲ. ಪ್ಯಾರಲಲ್ ಪೋರ್ಟ್ ನಿಜಕ್ಕೂ ಇರುವ ಗುಜರಿಯ ಡೆಸ್ಕ್‌ಟಾಪ್ ಸಿಕ್ಕರೆ ನಿಮ್ಮ ಕೇಬಲಿಗೆ ಬೆಲೆಯುಂಟು. ಇಲ್ಲದಿದ್ದರೆ ತನ್ನದೇ ಮೈಕ್ರೋಕಂಟ್ರೋಲರ್ ಇರುವ ಎಕ್ಸ್‌ಯುಎಂ1541 ಬಗೆಯ ಯುಎಸ್‌ಬಿ ಹಲಗೆ ಬೇಕಾಗುತ್ತದೆ. ಸಮಯ ಕಾಯುವ ಕೆಲಸವನ್ನು ಅದು ತಾನೇ ನೋಡಿಕೊಳ್ಳುತ್ತದೆ.

ಮಾಮೂಲಿ ಪಿಸಿಯ ಫ್ಲಾಪಿ ಡ್ರೈವಿನಲ್ಲೇ ಈ ಡಿಸ್ಕ್‌ಗಳನ್ನು ಓದಬಾರದೇ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. 1541ರ 35 ಟ್ರ್ಯಾಕ್‌ಗಳಲ್ಲಿ ಹೊರಗಿನ 17ಕ್ಕೆ ತಲಾ 21 ಸೆಕ್ಟರ್, ಒಳಗಿನ ಕೊನೆಯ 5ಕ್ಕೆ ತಲಾ 17 ಸೆಕ್ಟರ್. ಬರೆಯುವ ಸಂಕೇತ ಪದ್ಧತಿಯೂ ಪಿಸಿಯದಲ್ಲ. ಆದ್ದರಿಂದ ಡಿಸ್ಕನ್ನು ಅದೇ ಡ್ರೈವಿನಲ್ಲಿ ಓದಿಸಬೇಕು. ಒಟ್ಟು 683 ಸೆಕ್ಟರ್‌ಗಳು ಸೇರಿ 1,74,848 ಬೈಟುಗಳ ಒಂದು ಡಿ64 ಕಡತ, ಅಂದರೆ ಇಡೀ ಡಿಸ್ಕಿನ ಪ್ರತಿಯಾಗುತ್ತದೆ. ಹಳೆಯ ಡಿಸ್ಕ್‌ಗಳ ಗೊಡವೆಯಿಲ್ಲ, ಹೊಸದಾಗಿ ಪ್ರೋಗ್ರಾಮ್ ತಂದು ಓಡಿಸಿದರೆ ಸಾಕು ಎನ್ನುವುದಾದರೆ, ಪಿಸಿಯಿಂದ ಕೇಬಲ್ ಎಳೆಯುವ ಬದಲು ಮೆಮೊರಿ ಕಾರ್ಡಿನಿಂದ ಡಿಸ್ಕ್ ಕಡತಗಳನ್ನು ಓದುವ ಎಸ್‌ಡಿ2ಐಇಸಿ ಸಾಧನವೇ ಲೇಸು.

ಕೇಬಲಿಗಿಂತ ಮೊದಲು ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಪರೀಕ್ಷಿಸಿ. ಕಮೊಡೋರ್ 64ರ ಹಳೆಯ ಪೆಟ್ಟಿಗೆಗಳಲ್ಲಿ 5 ವೋಲ್ಟಿನ ರೆಗ್ಯುಲೇಟರ್ ಕೆಟ್ಟಾಗ ವೋಲ್ಟೇಜ್ ಇಳಿಯುವ ಬದಲು ಏರುವುದುಂಟು, ಆಗ ಸ್ಮೃತಿಯ ಚಿಪ್‌ಗಳು ಸುಟ್ಟುಹೋಗುತ್ತವೆ. ಮಲ್ಟಿಮೀಟರ್ 5.25 ವೋಲ್ಟಿಗಿಂತ ಮೇಲೆ ತೋರಿಸಿದರೆ ಆ ಪೆಟ್ಟಿಗೆಯನ್ನು ಮತ್ತೆ ಬಳಸಬೇಡಿ.

ಪ್ರಶ್ನೆ: ಬಿಬಿಸಿ ಮೈಕ್ರೋಗೂ ಲ್ಯಾಪ್‌ಟಾಪಿಗೂ ನಡುವೆ ಯುಎಸ್‌ಬಿ ಸೀರಿಯಲ್ ಕೇಬಲ್ ಹಾಕಿದ್ದೇನೆ. ಒಮ್ಮೆ ಏನೂ ಬರುವುದಿಲ್ಲ, ಇನ್ನೊಮ್ಮೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ, ಮತ್ತೊಮ್ಮೆ ನಡುನಡುವೆ ಅಕ್ಷರಗಳು ಮಾಯವಾಗುತ್ತವೆ. ಕೇಬಲ್ ಕೆಟ್ಟಿದೆಯೇ?

ಉತ್ತರ: ನೀವು ಹೇಳಿದ ಮೂರೂ ಲಕ್ಷಣಗಳಿಗೆ ಮೂರು ಬೇರೆ ಕಾರಣಗಳಿವೆ, ಕೇಬಲ್ ಚೆನ್ನಾಗಿಯೇ ಇರಬಹುದು.

ಏನೂ ಬಾರದಿದ್ದರೆ, ಕಳಿಸುವ ಮತ್ತು ಪಡೆಯುವ ತಂತಿಗಳು ಅದಲುಬದಲಾಗಿ ಜೋಡಣೆಯಾಗಿವೆಯೇ ನೋಡಿ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸೇರಬೇಕು. ಇದರ ಜೊತೆಗೆ ಬಿಬಿಸಿ ಮೈಕ್ರೋ ತನ್ನ ಸಿಟಿಎಸ್ ತಂತಿಯಲ್ಲಿ ಅನುಮತಿ ಸಿಗುವವರೆಗೆ ಒಂದಕ್ಷರವನ್ನೂ ಕಳಿಸುವುದಿಲ್ಲ. ಆ ಅನುಮತಿಯನ್ನು ಕೊಡುವ, ಲ್ಯಾಪ್‌ಟಾಪ್ ಕಡೆಯ ಆರ್‌ಟಿಎಸ್ ತಂತಿಯನ್ನು ಅದಕ್ಕೆ ಸೇರಿಸಿ. ಇದರ ಆರ್‌ಎಸ್423 ಸೀರಿಯಲ್ ಪೋರ್ಟು ಸಾಮಾನ್ಯ ಸೀರಿಯಲ್ ಪದ್ಧತಿಯಾದ ಆರ್‌ಎಸ್232ರೊಡನೆ ಹೊಂದಿಕೊಂಡು ಹೋಗುವುದರಿಂದ ವೋಲ್ಟೇಜಿನ ಚಿಂತೆ ನಿಮಗಿಲ್ಲ. ಆದರೆ ಇದನ್ನು ಓದುವ ಕಮೊಡೋರ್‌ದಾರರು ಎಚ್ಚರದಿಂದಿರಬೇಕು: ಅವರ ಯೂಸರ್ ಪೋರ್ಟಿನಲ್ಲಿರುವುದು 0 ಮತ್ತು 5 ವೋಲ್ಟ್, ಆರ್‌ಎಸ್232ರದ್ದು ಸೊನ್ನೆಯ ಮೇಲೂ ಕೆಳಗೂ 15 ವೋಲ್ಟಿನವರೆಗೆ ಹೋಗುವ ಸಂಕೇತ. ಅಲ್ಲಿ ನಡುವೆ ಈ ಎರಡು ಮಟ್ಟಗಳನ್ನು ಹೊಂದಿಸುವ ಮ್ಯಾಕ್ಸ್232 ಚಿಪ್ ಇರಬೇಕು, ಇಲ್ಲವೇ 5 ವೋಲ್ಟ್ ಮಟ್ಟದ ಯುಎಸ್‌ಬಿ ಟಿಟಿಎಲ್ ಕೇಬಲನ್ನೇ ಕೊಳ್ಳಬೇಕು.

ಅರ್ಥವಿಲ್ಲದ ಅಕ್ಷರಗಳು ಬಂದರೆ ಎರಡು ಕಡೆಯ ವೇಗ ಹೊಂದಿಲ್ಲ. ನಕ್ಷತ್ರ ಚಿಹ್ನೆಯ ಎಫ್‌ಎಕ್ಸ್ 7,4 ಆಜ್ಞೆ ಪಡೆಯುವ ವೇಗವನ್ನೂ, ಎಫ್‌ಎಕ್ಸ್ 8,4 ಕಳಿಸುವ ವೇಗವನ್ನೂ 1200 ಬಾಡ್‌ಗೆ, ಅಂದರೆ ಸೆಕೆಂಡಿಗೆ 1200 ಬಿಟ್‌ಗೆ ನಿಲ್ಲಿಸುತ್ತವೆ. ಲ್ಯಾಪ್‌ಟಾಪಿನ ಟರ್ಮಿನಲ್ ತಂತ್ರಾಂಶದಲ್ಲೂ ಅದೇ ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಎಂದು ಇಡಿ.

ಅಕ್ಷರಗಳು ಮಾಯವಾಗುವುದು ಇವೆಲ್ಲಕ್ಕಿಂತ ಸ್ವಾರಸ್ಯದ ಸಂಗತಿ. 9600 ಬಾಡ್ ಎಂದರೆ, ಒಂದಕ್ಷರಕ್ಕೆ ಹತ್ತು ಬಿಟ್‌ನಂತೆ, ಸೆಕೆಂಡಿಗೆ 960 ಅಕ್ಷರ, ಹೆಚ್ಚುಕಡಿಮೆ ಮಿಲಿಸೆಕೆಂಡಿಗೆ ಒಂದು. 1 ಮೆಗಾಹರ್ಟ್ಸ್‌ನ ಒಂದು ಹಳೆಯ ಪ್ರೊಸೆಸರಿಗೆ ಆ ಅವಧಿಯಲ್ಲಿ ಸಿಗುವುದು ಸುಮಾರು ಸಾವಿರ ಗಡಿಯಾರ ಬಡಿತ. ಪರದೆ ಒಂದು ಸಾಲು ಮೇಲೆ ಸರಿಯಬೇಕಾದರೆ, 40 ಕಾಲಮ್‌ಗಳ 25 ಸಾಲು, ಅಂದರೆ ಸಾವಿರ ಅಕ್ಷರಗಳನ್ನು ಒಂದೊಂದಾಗಿ ಎತ್ತಿಡಬೇಕು. ಒಂದಕ್ಕೆ ಹತ್ತು ಬಡಿತವೆಂದರೂ ಹತ್ತು ಸಾವಿರ ಬಡಿತ. ಯಂತ್ರ ಆ ಕೆಲಸದಲ್ಲಿ ಮುಳುಗಿರುವಾಗ ಹತ್ತು ಅಕ್ಷರಗಳು ಬಂದು ಬಾಗಿಲು ತಟ್ಟಿರುತ್ತವೆ. ನಿಮ್ಮ ಬಿಬಿಸಿ ಮೈಕ್ರೋ 2 ಮೆಗಾಹರ್ಟ್ಸ್‌ನದು, ಆದರೂ ತಡೆಯಿಲ್ಲದೆ ಸುರಿದರೆ ಅದಕ್ಕೂ ಅಕ್ಷರಗಳು ತಪ್ಪಿಹೋಗಬಹುದು. ಆದ್ದರಿಂದ 1200 ಬಾಡ್‌ನಿಂದ ಆರಂಭಿಸಿ, ಸಿಟಿಎಸ್ ಮತ್ತು ಆರ್‌ಟಿಎಸ್ ತಂತಿಗಳಿಂದ ಹರಿವನ್ನು ತಡೆಹಿಡಿಯುವ ಸೌಲಭ್ಯವನ್ನು (ಫ್ಲೋ ಕಂಟ್ರೋಲ್) ಟರ್ಮಿನಲ್‌ನಲ್ಲಿ ಚಾಲೂ ಮಾಡಿಕೊಂಡು, ಆಮೇಲೆ ಒಂದೊಂದೇ ಹಂತ ಮೇಲೇರಿ. ಕಡತಗಳನ್ನು ಬರಿದೇ ಸುರಿಯುವ ಬದಲು ಎಕ್ಸ್‌ಮೋಡೆಮ್ ಪದ್ಧತಿಯಲ್ಲಿ ಕಳಿಸಿ. 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ರೂಪಿಸಿದ ಈ ಪದ್ಧತಿ 128 ಬೈಟುಗಳನ್ನು ಕಳಿಸಿ, ತಾಳೆ ನೋಡಿಸಿ, ತಪ್ಪಿದ್ದರೆ ಅದನ್ನೇ ಮತ್ತೆ ಕಳಿಸುತ್ತದೆ.

ಎಕ್ಸ್‌ಮೋಡೆಮ್ ಪ್ರೋಗ್ರಾಮನ್ನೇ ಹಳೆಯ ಯಂತ್ರಕ್ಕೆ ತಲಪಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಎಫ್‌ಎಕ್ಸ್ 2,1 ಎಂದು ಆಜ್ಞೆ ಕೊಟ್ಟರೆ ಬಿಬಿಸಿ ಮೈಕ್ರೋ ತನ್ನ ಕೀಲಿಮಣೆಯನ್ನು ಬಿಟ್ಟು ಸೀರಿಯಲ್ ತಂತಿಯಿಂದಲೇ ಓದತೊಡಗುತ್ತದೆ. ಆಗ ಲ್ಯಾಪ್‌ಟಾಪಿನಿಂದ ಬೇಸಿಕ್ ಪ್ರೋಗ್ರಾಮಿನ ಸಾಲುಗಳನ್ನು ಕಳಿಸಿದರೆ, ಯಾರೋ ಕೂತು ಬೆರಳಚ್ಚು ಮಾಡುತ್ತಿರುವಂತೆ ಅವು ಪರದೆಯ ಮೇಲೆ ಬರುತ್ತವೆ. ಆಪಲ್ 2ರಲ್ಲೂ ಸೀರಿಯಲ್ ಕಾರ್ಡ್ ಎರಡನೆಯ ಸ್ಲಾಟಿನಲ್ಲಿದ್ದರೆ 'ಐಎನ್ ಹ್ಯಾಶ್ 2' ಎಂಬ ಆಜ್ಞೆಯಿಂದ ಇದೇ ಉಪಾಯ ನಡೆಯುತ್ತದೆ. ಒಂದೂ ಡಿಸ್ಕ್ ಇಲ್ಲದ ಆಪಲ್‌ಗೆ ಎಡಿಟಿಪ್ರೋ ತಂತ್ರಾಂಶ ಜೀವ ತುಂಬುವುದು ಹೀಗೆಯೇ.

ಪ್ರಶ್ನೆ: ನನ್ನ ಕಮೊಡೋರ್ 64ರ ಪಕ್ಕದಲ್ಲಿ 9 ಪಿನ್ನಿನ ಎರಡು ಪೋರ್ಟ್‌ಗಳಿವೆ. ಸೀರಿಯಲ್ ಕೇಬಲಿನ ತುದಿ ಅದೇ ಆಕಾರದ್ದು. ಅಲ್ಲಿಗೇ ಸಿಕ್ಕಿಸಬಹುದೇ?

ಉತ್ತರ: ಖಂಡಿತ ಬೇಡ. ಅವು ಜಾಯ್‌ಸ್ಟಿಕ್ ಪೋರ್ಟ್‌ಗಳು. ಒಳಗೆ ಅವು 5 ವೋಲ್ಟಿನ 6526 ಚಿಪ್ಪಿಗೆ ನೇರ ಜೋಡಣೆಯಾಗಿವೆ, ಅದೇ ಚಿಪ್ ಕೀಲಿಮಣೆಯನ್ನೂ ಓದುತ್ತದೆ. ಆರ್‌ಎಸ್232ರ ವೋಲ್ಟೇಜ್ ಅಲ್ಲಿ ನುಗ್ಗಿದರೆ ಜಾಯ್‌ಸ್ಟಿಕ್ ಜೊತೆಗೆ ಕೀಲಿಮಣೆಯೂ ಕೈಕೊಡಬಹುದು. ಪ್ಲಗ್ಗಿನ ಆಕಾರ ನೋಡಿ ನಂಬಬಾರದು ಎಂಬುದಕ್ಕೆ ಇನ್ನೊಂದು ನಿದರ್ಶನ ಅಮೀಗಾ 500. ಅದರ 25 ಪಿನ್ನಿನ ಪೋರ್ಟ್‌ಗಳಲ್ಲಿ ಒಂದು ನಿಜವಾಗಿಯೂ ಸೀರಿಯಲ್ಲೇ, ಆದರೆ 9 ಮತ್ತು 10ನೆಯ ಪಿನ್ನುಗಳಲ್ಲಿ 12 ವೋಲ್ಟ್ ಇರುವುದರಿಂದ ಇಪ್ಪತ್ತೈದೂ ತಂತಿ ತುಂಬಿದ ಕೇಬಲನ್ನು ಅದಕ್ಕೆ ಹಾಕಕೂಡದು. ಬೇಕಾದ ತಂತಿಗಳಷ್ಟೇ ಇರುವ ನಲ್ ಮೋಡೆಮ್ ಕೇಬಲ್, ಅಂದರೆ ಕಳಿಸುವ ಮತ್ತು ಪಡೆಯುವ ತಂತಿಗಳು ಅದಲುಬದಲಾಗಿರುವ ಕೇಬಲ್ ಸಾಕು. ನಿಮ್ಮ ಕಮೊಡೋರ್‌ನಲ್ಲಿ ಸೀರಿಯಲ್ ಸಂಕೇತ ಸಿಗುವುದು ಹಿಂಭಾಗದ ಅಗಲವಾದ ಯೂಸರ್ ಪೋರ್ಟಿನಲ್ಲಿ, ಅದೂ ಮೇಲೆ ಹೇಳಿದ ಟಿಟಿಎಲ್ ಮಟ್ಟದಲ್ಲಿ. ಅಲ್ಲಿಗೆ ಕೇಬಲ್ ಹಾಕುವಾಗಲೂ ತೆಗೆಯುವಾಗಲೂ ಕಂಪ್ಯೂಟರನ್ನು ಆರಿಸಿಯೇ ಇರಬೇಕು, ಏಕೆಂದರೆ ಆ ಪೋರ್ಟಿನಲ್ಲಿ 9 ವೋಲ್ಟಿನ ಎಸಿ ವಿದ್ಯುತ್ ಕೂಡ ಹರಿಯುತ್ತದೆ, ಮತ್ತು ಒಂದು ಪಿನ್ ಪಕ್ಕಕ್ಕೆ ಸರಿದು ಕೂತರೂ ಅದು ಪಕ್ಕದ ತಂತಿಗೆ ಸೇರಿಕೊಳ್ಳುತ್ತದೆ.