ಒಳಗೆ ಕರೆಯದೆ, ಹೊರಗೆ ಕಳಿಸದೆ: ಐರೋಪ್ಯ ಒಕ್ಕೂಟ ಮತ್ತು ಅದರ ನೆರೆಯವರು

ಐರೋಪ್ಯ ಒಕ್ಕೂಟದಲ್ಲಿ 27 ದೇಶಗಳಿವೆ, ಅಷ್ಟೂ ದೇಶಗಳಿಗೆ ಸೇರಿ ಒಂದೇ ವಿದೇಶಾಂಗ ನೀತಿ ಇರಲು ಸಾಧ್ಯವೇ, ಅಕ್ಕಪಕ್ಕದ ದೇಶಗಳ ಜೊತೆ ಅದು ಹೇಗೆ ವ್ಯವಹರಿಸುತ್ತದೆ ಎಂದು ಕೇಳಿದ್ದೀರಿ. ನಾನು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. 2022ರವರೆಗೆ ಈ ಪಾಠವನ್ನು ಒಂದೇ ತರಗತಿಯಲ್ಲಿ ಮುಗಿಸಿಬಿಡುತ್ತಿದ್ದೆ. ಆ ವರ್ಷ ಯುದ್ಧ ಶುರುವಾದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಮ್ಮ ಉಕ್ರೇನಿನ ಚೆರ್ನಿವ್ಟ್ಸಿಯಲ್ಲಿ ವೈದ್ಯಕೀಯ ಓದುತ್ತಿದ್ದ. ರೊಮೇನಿಯಾದ ಸಿರೆತ್ ಗಡಿಯತ್ತ ಬಸ್ಸಿನಲ್ಲಿ ಹೊರಟು, ಕೊನೆಯ ಕೆಲವು ಕಿಲೋಮೀಟರ್ ಚಳಿಯಲ್ಲಿ ನಡೆದು ದಾಟಿದ. ಊರಿಗೆ ಮರಳಿದ ಮೇಲೆ ನಮ್ಮ ಮನೆಗೆ ಬಂದು ಕುಳಿತು ಹೇಳಿದ: "ಮೇಡಂ, ಗೇಟಿನ ಈಚೆ ಇಡೀ ರಾತ್ರಿ ನಿಂತಿದ್ದೆವು. ಆಚೆ ಕಾಲಿಟ್ಟ ಕೂಡಲೇ ಬಿಸಿ ಸೂಪು, ಕಂಬಳಿ, ಫೋನಿಗೆ ಸಿಮ್ ಕಾರ್ಡ್. ನಡುವೆ ಇದ್ದದ್ದು ಒಂದು ಗೇಟು ಮಾತ್ರ." ಆ ಗೇಟನ್ನು ಯಾರಿಗೆ, ಎಷ್ಟು, ಯಾವಾಗ ತೆರೆಯಬೇಕು ಎಂಬುದರ ಸುತ್ತಲೇ ಒಕ್ಕೂಟದ ನೆರೆನೀತಿ ಸುತ್ತುತ್ತದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಒಕ್ಕೂಟಕ್ಕೆ ವಿದೇಶಾಂಗ ಮುಖ್ಯಸ್ಥರ ಹುದ್ದೆ ಇದೆ. ಎಸ್ಟೋನಿಯಾದ ಮಾಜಿ ಪ್ರಧಾನಿ ಕಾಯಾ ಕಲ್ಲಾಸ್ 2024ರ ಡಿಸೆಂಬರ್‌ನಲ್ಲಿ ಆ ಹುದ್ದೆಗೆ ಬಂದರು. ದೇಶದೇಶಗಳಲ್ಲಿ ಕಚೇರಿಗಳೂ ಇವೆ. ಆದರೆ ಯಾರ ಮೇಲೆ ನಿರ್ಬಂಧ ಹೇರಬೇಕು, ಯಾರನ್ನು ಒಳಗೆ ಸೇರಿಸಿಕೊಳ್ಳಬೇಕು ಎಂಬಂಥ ಪ್ರಶ್ನೆಗಳಿಗೆ ಎಲ್ಲ ಸರ್ಕಾರಗಳೂ ಹೂಂ ಎನ್ನಬೇಕು. ಒಂದು ದೇಶ ತಲೆ ಅಡ್ಡ ಆಡಿಸಿದರೂ ಕೆಲಸ ನಿಂತಿತು. ವ್ಯಾಪಾರದ ಮಾತು ಬೇರೆ. ಹೊರಗಿನ ಸರಕಿಗೆ ಸುಂಕ ಎಷ್ಟು, ಯಾವ ಸರಕಿಗೆ ರಿಯಾಯಿತಿ ಎಂಬುದನ್ನು ಸದಸ್ಯ ದೇಶಗಳು ಒಕ್ಕೂಟದ ಕೈಗೇ ಕೊಟ್ಟುಬಿಟ್ಟಿವೆ. ಹೀಗಾಗಿ ನೆರೆಯವರ ಮನಸ್ಸು ಗೆಲ್ಲಲು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸಿನ ಕೈಯಲ್ಲಿರುವ ದೊಡ್ಡ ಬಲವೆಂದರೆ ಸುಮಾರು 45 ಕೋಟಿ ಜನರ ಮಾರುಕಟ್ಟೆ.

ಅದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮಾಲ್ಡೊವಾದ ವೈನನ್ನು ನೋಡಿ. ರೊಮೇನಿಯಾ ಮತ್ತು ಉಕ್ರೇನ್ ನಡುವಿನ ಪುಟ್ಟ ದೇಶ ಅದು. ದ್ರಾಕ್ಷಿಯೇ ಅಲ್ಲಿನ ಹಳ್ಳಿಗಳ ಜೀವಾಳ. 2013ರಲ್ಲಿ ಅದು ಒಕ್ಕೂಟದ ಜೊತೆ ಒಪ್ಪಂದಕ್ಕೆ ಸಜ್ಜಾಗುತ್ತಿದ್ದಾಗ, ಸೆಪ್ಟೆಂಬರ್‌ನಲ್ಲಿ ರಷ್ಯಾ ಗುಣಮಟ್ಟದ ಕಾರಣ ಮುಂದೊಡ್ಡಿ ಅದರ ವೈನನ್ನು ನಿಷೇಧಿಸಿತು. ದ್ರಾಕ್ಷಿ ಬೆಳೆಯುವ ವಿಜಯಪುರದ ಕಡೆಯಲ್ಲಿ ಬೆಳೆದವಳು ನಾನು. ಕೊಯ್ಲಿನ ಹೊತ್ತಿಗೆ ಸರಿಯಾಗಿ ಕೊಳ್ಳುವವನು ಕೈ ಎತ್ತಿದರೆ ಮನೆಯ ಸ್ಥಿತಿ ಏನಾಗುತ್ತದೆ ಎಂಬುದು ನನಗೆ ಗೊತ್ತು. ಒಕ್ಕೂಟ ಆಗ ಒಪ್ಪಂದಕ್ಕೆ ಸಹಿ ಬೀಳುವವರೆಗೂ ಕಾಯಲಿಲ್ಲ. 2014ರ ಜನವರಿ 1ರಿಂದಲೇ ಮಾಲ್ಡೊವಾದ ವೈನಿಗೆ ತನ್ನ ಮಾರುಕಟ್ಟೆಯನ್ನು ಪೂರ್ತಿ ತೆರೆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಮಾಲ್ಡೊವಾದ ಜನರಿಗೆ ಅಲ್ಪಾವಧಿ ಪ್ರಯಾಣಕ್ಕೆ ವೀಸಾ ಬೇಡವಾಯಿತು. ಒಂದು ಗುಂಡೂ ಹಾರದೆ ಒಂದು ದೇಶದ ಮುಖ ಪಶ್ಚಿಮಕ್ಕೆ ತಿರುಗಿತು. ಒಕ್ಕೂಟದ ವಿದೇಶಾಂಗ ನೀತಿ ಚೆನ್ನಾಗಿ ನಡೆದಾಗ ಹೀಗೆ ನಡೆಯುತ್ತದೆ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಸರಿಯಿಲ್ಲದ್ದೂ ಒಂದಿದೆ. 2004ರ ಮೇ 1ರಂದು ಹತ್ತು ದೇಶಗಳು ಒಟ್ಟಿಗೆ ಒಕ್ಕೂಟ ಸೇರಿದವು. ಅದರೊಂದಿಗೆ ಗಡಿ ಉಕ್ರೇನ್, ಬೆಲಾರೂಸ್‌ಗಳಿಗೆ ತಾಗಿತು. ಇವರನ್ನೆಲ್ಲ ಏನು ಮಾಡುವುದು? ಆಗ ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗದ ಅಧ್ಯಕ್ಷರಾಗಿದ್ದ ರೊಮಾನೊ ಪ್ರೋಡಿ 2002ರಲ್ಲೇ ಸೂತ್ರವೊಂದನ್ನು ಹೇಳಿದ್ದರು: ಸಂಸ್ಥೆಗಳನ್ನು ಬಿಟ್ಟು ಉಳಿದೆಲ್ಲವನ್ನೂ ನೆರೆಯವರೊಂದಿಗೆ ಹಂಚಿಕೊಳ್ಳೋಣ. ಅಂದರೆ ಜಗಲಿಯ ಮೇಲೆ ಕುಳಿತುಕೊಳ್ಳಿ, ಊಟವನ್ನೂ ಬಡಿಸುತ್ತೇವೆ, ಮನೆಯ ಪಂಚಾಯಿತಿಯಲ್ಲಿ ಮಾತ್ರ ನಿಮಗೆ ಮಾತಿಲ್ಲ. ಮೊರಾಕ್ಕೊದಿಂದ ಅಜರ್‌ಬೈಜಾನ್‌ವರೆಗೆ 16 ನೆರೆಯವರನ್ನು ಈ ಒಂದೇ ನೀತಿಯಡಿ ತಂದರು. ಕಾನೂನು ತಿದ್ದಿಕೊಳ್ಳಿ, ನ್ಯಾಯಾಲಯ ಸುಧಾರಿಸಿ, ಸರಕಿನ ಗುಣಮಟ್ಟ ನಮ್ಮ ಅಳತೆಗೆ ತನ್ನಿ ಎಂದರು. ಮುಂದೊಂದು ದಿನ ಸದಸ್ಯತ್ವ ಸಿಗುತ್ತದೆಯೇ ಎಂದು ಕೇಳಿದರೆ ಮಾತ್ರ ಬಾ ಎನ್ನಲಿಲ್ಲ, ಬರಬೇಡ ಎಂದೂ ಎನ್ನಲಿಲ್ಲ.

ಈ ಅರೆಮನಸ್ಸಿನ ಬೆಲೆಯನ್ನು ಉಕ್ರೇನ್ ತೆತ್ತಿತು. 2013ರ ನವೆಂಬರ್‌ನಲ್ಲಿ ಒಕ್ಕೂಟ ಮತ್ತು ಪೂರ್ವದ ನೆರೆಯವರ ವಿಲ್ನಿಯಸ್ ಶೃಂಗಸಭೆಗೆ ಒಂದು ವಾರವಿದ್ದಾಗ ಅಧ್ಯಕ್ಷ ಯಾನುಕೊವಿಚ್ ಅವರ ಸರ್ಕಾರ ಒಕ್ಕೂಟದ ಜೊತೆಗಿನ ಒಪ್ಪಂದದಿಂದ ಹಿಂದೆ ಸರಿಯಿತು. ಅದೇ ರಾತ್ರಿ ಕೀವ್‌ನ ಮೈದಾನ್ ಚೌಕದಲ್ಲಿ ಜನ ಸೇರಿದರು. ಆ ಚಳಿಗಾಲದಲ್ಲಿ ಸುಮಾರು ನೂರು ಪ್ರತಿಭಟನಕಾರರು ಪ್ರಾಣ ಕಳೆದುಕೊಂಡರು. 2014ರ ಮಾರ್ಚ್‌ನಲ್ಲಿ ರಷ್ಯಾ ಕ್ರಿಮಿಯಾವನ್ನು ಕಿತ್ತುಕೊಂಡಿತು. ಅನುಬಂಧಗಳೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ಪುಟಗಳ, ಬಹುಪಾಲು ಸುಂಕ ಮತ್ತು ಗುಣಮಟ್ಟದ ನಿಯಮಗಳೇ ತುಂಬಿದ ಕಡತವೊಂದಕ್ಕಾಗಿ ಯುವಕರು ಜೀವ ಕೊಟ್ಟರು. ಆ ಕಡತ ಅವರ ಕಣ್ಣಿಗೆ ಲಂಚವಿಲ್ಲದ ಪೊಲೀಸ್ ಠಾಣೆಯಾಗಿ, ಹೆದರದ ನ್ಯಾಯಾಧೀಶನಾಗಿ ಕಂಡಿತ್ತು. ಬ್ರಸೆಲ್ಸಿನಲ್ಲಿ ಅದನ್ನು ಬರೆದವರು ಇಷ್ಟು ದೂರ ಯೋಚಿಸಿದ್ದರೆಂದು ನನಗನ್ನಿಸುವುದಿಲ್ಲ.

ಮುಂದೇನಾಯಿತು ನೋಡಿ. 2016ರ ಏಪ್ರಿಲ್‌ನಲ್ಲಿ ನೆದರ್ಲೆಂಡ್ಸ್, ಉಕ್ರೇನಿನ ಹೊಸ ಸರ್ಕಾರ ಮುಂದೆ ಸಹಿ ಹಾಕಿದ ಇದೇ ಒಪ್ಪಂದದ ಮೇಲೆ ಜನಮತಗಣನೆ ನಡೆಸಿತು. ಮತ ಹಾಕಿದ್ದು ಶೇ 32ರಷ್ಟು ಮಂದಿ. ಅವರಲ್ಲಿ ಶೇ 61ರಷ್ಟು ಮಂದಿ ಬೇಡ ಎಂದರು. ಉಳಿದ ಎಲ್ಲ ಸದಸ್ಯ ದೇಶಗಳೂ ಒಪ್ಪಿಯಾಗಿತ್ತು. ಡಚ್ಚರನ್ನು ಸಮಾಧಾನಪಡಿಸಲು ಆ ಡಿಸೆಂಬರ್‌ನಲ್ಲಿ ನಾಯಕರೆಲ್ಲ ಸೇರಿ, ಈ ಒಪ್ಪಂದದಿಂದ ಉಕ್ರೇನ್‌ಗೆ ಸದಸ್ಯತ್ವದ ಅಭ್ಯರ್ಥಿ ಸ್ಥಾನ ಸಿಗುವುದಿಲ್ಲ, ಅದರ ರಕ್ಷಣೆಯ ಹೊಣೆಯೂ ನಮ್ಮದಲ್ಲ ಎಂದು ಬರೆದುಕೊಟ್ಟರು. ಈ ಭಾಗ ಪಾಠ ಮಾಡುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

2022ರ ಜೂನ್‌ನಲ್ಲಿ, ಯುದ್ಧ ಶುರುವಾಗಿ ನಾಲ್ಕೇ ತಿಂಗಳಿಗೆ, ಉಕ್ರೇನ್ ಮತ್ತು ಮಾಲ್ಡೊವಾಗಳಿಗೆ ಅದೇ ಅಭ್ಯರ್ಥಿ ಸ್ಥಾನ ಸಿಕ್ಕಿತು. ಹಾಗೆಂದು ಒಂದೇ ದೇಶ ಎಲ್ಲವನ್ನೂ ತಡೆಯಬಲ್ಲ ವೀಟೊ ಎಲ್ಲೂ ಹೋಗಲಿಲ್ಲ. 2023ರ ಡಿಸೆಂಬರ್ 14ರಂದು ಸದಸ್ಯತ್ವದ ಮಾತುಕತೆ ಆರಂಭಿಸುವ ನಿರ್ಧಾರಕ್ಕೆ ಹಂಗೇರಿಯ ಪ್ರಧಾನಿ ವಿಕ್ಟರ್ ಒರ್ಬಾನ್ ಒಪ್ಪಲಿಲ್ಲ. ಕೊನೆಗೆ ಅವರು ಸಭೆಯ ಕೋಣೆಯಿಂದ ಹೊರಗೆ ಹೋದರು, ಉಳಿದ 26 ಮಂದಿ ನಿರ್ಧಾರ ಕೈಗೊಂಡರು. ಅದೇ ರಾತ್ರಿ ಉಕ್ರೇನ್‌ಗೆ 5,000 ಕೋಟಿ ಯೂರೊ ನೆರವನ್ನು ಒರ್ಬಾನ್ ತಡೆದರು. ಅದು ಫೆಬ್ರುವರಿ 1ರಂದಷ್ಟೇ ಪಾಸಾಯಿತು. ಒಂದೇ ನೀತಿ ಸಾಧ್ಯವೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ: ಸಾಧ್ಯ, ಆದರೆ ಕೆಲವೊಮ್ಮೆ ಒಬ್ಬರು ಎದ್ದು ಹೊರಗೆ ಹೋಗಬೇಕಾಗುತ್ತದೆ. ದಕ್ಷಿಣ ಏಷ್ಯಾದ ದೇಶಗಳ ಕೂಟವಾದ ನಮ್ಮ ಸಾರ್ಕ್‌ಗೆ ಅಷ್ಟೂ ಆಗಿಲ್ಲ. ಅದರ ಸನ್ನದೇ ದ್ವಿಪಕ್ಷೀಯ, ವಿವಾದಾತ್ಮಕ ವಿಷಯಗಳನ್ನು ಹೊರಗಿಟ್ಟಿದೆ. 2014ರ ಕಠ್ಮಂಡು ಶೃಂಗಸಭೆಯ ನಂತರ ಅದರ ನಾಯಕರು ಇನ್ನೊಂದು ಶೃಂಗಸಭೆಗೆ ಸೇರಿಲ್ಲ.

ಮೆಡಿಟರೇನಿಯನ್ ಕಡೆಯ ನೆರೆಯವರಿಗೆ ಸದಸ್ಯತ್ವದ ಆಸೆಯನ್ನೂ ತೋರಿಸಲಾಗದು. ಅಲ್ಲಿ ಉಳಿಯುವುದು ಹಣ. 2023ರ ಜುಲೈನಲ್ಲಿ ಟ್ಯುನೀಷಿಯಾದ ಜೊತೆ ಒಡಂಬಡಿಕೆ ಆಯಿತು. ವಲಸಿಗರ ದೋಣಿಗಳನ್ನು ತಡೆಯುವುದೂ ಸೇರಿ ವಲಸೆ ನಿಯಂತ್ರಣಕ್ಕೆ 10.5 ಕೋಟಿ ಯೂರೊ ಎಂದು ಘೋಷಿಸಿದರು. ಮೂರು ತಿಂಗಳು ಕಳೆಯುವುದರಲ್ಲಿ ಅಧ್ಯಕ್ಷ ಕೈಸ್ ಸಯೀದ್ ತಮಗೆ ಭಿಕ್ಷೆ ಬೇಡ ಎಂದರು. ಒಕ್ಕೂಟ ಕಳಿಸಿದ್ದ 6 ಕೋಟಿ ಯೂರೊವನ್ನು ಟ್ಯುನೀಷಿಯಾ ಹಿಂದಿರುಗಿಸಿತು. ಪ್ರಜಾಪ್ರಭುತ್ವ, ಮಾನವ ಹಕ್ಕು ಎಂದು ಮೊದಲು ಹೇಳುತ್ತಿದ್ದ ಮಾತುಗಳು ಈ ವ್ಯವಹಾರದಲ್ಲಿ ತೀರಾ ಮೆತ್ತಗಾಗಿವೆ. ನೆರೆಯವನನ್ನು ಬಾಗಿಲು ಕಾಯುವವನನ್ನಾಗಿ ಮಾಡಿಕೊಂಡರೆ ಅವನಿಗೆ ಬುದ್ಧಿ ಹೇಳುವ ಬಾಯಿ ಇರುವುದಿಲ್ಲ.

ಪೂರ್ವದಲ್ಲೂ ಎಲ್ಲ ಗಟ್ಟಿಯಾಗಿದೆ ಎಂದುಕೊಳ್ಳಬೇಡಿ. 2024ರ ಅಕ್ಟೋಬರ್‌ನಲ್ಲಿ ಒಕ್ಕೂಟ ಸೇರುವ ಗುರಿಯನ್ನು ಸಂವಿಧಾನಕ್ಕೆ ಸೇರಿಸಲು ಮಾಲ್ಡೊವಾ ಜನಮತಗಣನೆ ನಡೆಸಿತು. ಗೆದ್ದದ್ದು ಹತ್ತು ಸಾವಿರದಷ್ಟು ಮತಗಳಿಂದ, ಅದೂ ಹೊರದೇಶಗಳಲ್ಲಿ ದುಡಿಯುವ ಮಾಲ್ಡೊವನ್ನರ ಮತಗಳ ಬಲದಿಂದ. ಮರುತಿಂಗಳು ಜಾರ್ಜಿಯಾದ ಸರ್ಕಾರ ಸದಸ್ಯತ್ವದ ಮಾತುಕತೆಯನ್ನು 2028ರ ಕೊನೆಯವರೆಗೆ ಎತ್ತುವುದೇ ಇಲ್ಲ ಎಂದು ಘೋಷಿಸಿತು. ಚೆರ್ನಿವ್ಟ್ಸಿಯಿಂದ ಬಂದ ಆ ಹುಡುಗ ಆಗ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಓದು ಮುಂದುವರಿಸಿದ್ದ. ಸಂಸತ್ತಿನ ಮುಂದಿನ ರುಸ್ತಾವೆಲಿ ರಸ್ತೆಯ ಪ್ರತಿಭಟನೆಯ ಫೋಟೊ ಒಂದನ್ನು ಕಳಿಸಿದ. ನಡುರಾತ್ರಿ, ಮಂಕಿ ಟೋಪಿ ಹಾಕಿಕೊಂಡ ಅಜ್ಜಿಯೊಬ್ಬರು ಒಕ್ಕೂಟದ ಹನ್ನೆರಡು ನಕ್ಷತ್ರಗಳ ನೀಲಿ ಬಾವುಟವನ್ನು ಶಾಲಿನಂತೆ ಹೊದ್ದು ನಿಂತಿದ್ದರು. "ಇವರೂ ಗೇಟಿನ ಈಚೆಯವರೇ ಮೇಡಂ" ಎಂದು ಕೆಳಗೆ ಬರೆದಿದ್ದ.