ಗೇ ಕೆಡೆಟ್‌ಗಳು ಬಾಯಿ ಮುಚ್ಕೊಂಡು ಟ್ರೈನಿಂಗ್ ಮುಗಿಸೋದ್ ಬಿಟ್ಟು ಎಲ್ಲರ ಮುಂದೆ ರಾಜೀನಾಮೆ ಯಾಕ್ ಕೊಡ್ತಾರೆ?

ಮಿಲಿಟರಿ ಅಕಾಡೆಮಿಲಿ ಟ್ರೈನಿಂಗ್ ತಗೊಳ್ಳೋ ಗೇ, ಲೆಸ್ಬಿಯನ್ ಕೆಡೆಟ್‌ಗಳ ಬಗ್ಗೆ ನೀವು ಕೇಳಿರೋದು ಎರಡು ವಿಷಯ. ಒಂದು, ಯಾರಿಗೂ ಹೇಳ್ದೆ ಇದ್ರೆ ಆಗ್ತಿತ್ತಲ್ವಾ ಅಂತ. ಇನ್ನೊಂದು, ಬಿಡೋದೇ ಆದ್ರೆ ಬಿಟ್ಟು ಹೋಗ್ಲಿ, ಟಿವಿಗೆ ಹೋಗಿ ಹೇಳೋದು ಪಬ್ಲಿಸಿಟಿಗಾ ಅಂತ. ನಾನೂ ಗೇ, ಕರ್ನಾಟಕದಲ್ಲೇ ಒಂದು ಮಿಲಿಟರಿ ಥರದ ಬೋರ್ಡಿಂಗ್ ಶಾಲೇಲಿ ಓದಿದೋನು, ಆಮೇಲೆ ಎನ್‌ಡಿಎ, ಅಂದ್ರೆ ನಮ್ ಸೇನೆಗೆ ಅಧಿಕಾರಿಗಳನ್ನ ತಯಾರು ಮಾಡೋ ಅಕಾಡೆಮಿ, ಅದರ ಕಡೆ ತಲೆ ಹಾಕ್ಲಿಲ್ಲ, ಇಂಜಿನಿಯರಿಂಗ್ ಮಾಡಿ ಬೇರೆ ಎಲ್ಲರ ಥರ ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡಿದೀನಿ. ಅಕಾಡೆಮಿ ಒಳಗೆ ನಾನು ಇರ್ಲಿಲ್ಲ, ಆದ್ರೆ ಡಾರ್ಮಿಟರಿ ಅಂದ್ರೆ ಹೇಗಿರುತ್ತೆ ಅಂತ ಗೊತ್ತು.

ಈ ವಿಷಯದಲ್ಲಿ ಎಲ್ಲರೂ ಹೇಳೋ ಹೆಸರು ಕ್ಯಾಥರೀನ್ ಮಿಲ್ಲರ್. ಅಮೆರಿಕದ ವೆಸ್ಟ್ ಪಾಯಿಂಟ್, ಅಂದ್ರೆ ಅವರ ಆರ್ಮಿ ಅಕಾಡೆಮಿ, ಅಲ್ಲಿ ಸಾವಿರಕ್ಕೂ ಜಾಸ್ತಿ ಜನ ಇದ್ದ ಬ್ಯಾಚಲ್ಲಿ 9ನೇ ರ್‍ಯಾಂಕು. 2010ರ ಆಗಸ್ಟ್‌ನಲ್ಲಿ ರಾಜೀನಾಮೆ ಪತ್ರ ಕೊಟ್ಟು, ತಾನು ಲೆಸ್ಬಿಯನ್ ಅಂತ ಟಿವಿಲಿ ಹೇಳಿ, ಯೇಲ್ ಯೂನಿವರ್ಸಿಟಿಗೆ ಹೋದ್ಲು. ಆಗ ಅಲ್ಲಿ 1993ರಿಂದ ನಡ್ಕೊಂಡು ಬಂದಿದ್ದ ಒಂದು ಕಾನೂನಿತ್ತು, ಮೇಲಧಿಕಾರಿಗಳು ನಿನ್ನ ಕೇಳಲ್ಲ, ನೀನೂ ಹೇಳ್ಬೇಡ, ಹೇಳಿದ್ರೆ ಮನೆಗೆ. ಆ ಕಾನೂನಿಂದ ಸುಮಾರು 13 ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳ್ಕೊಂಡ್ರು.

ಪೇಪರ್ ಮೇಲೆ ನೋಡಿದ್ರೆ ಇದು ನೀವು ಹೇಳಿದ ಹಾಗೇ ಇದೆ ಅಲ್ವಾ, ಸುಮ್ನಿದ್ರೆ ಯಾರೂ ಏನೂ ಮಾಡಲ್ಲ. ಆದ್ರೆ ಕೇಳಬಾರ್ದು ಅನ್ನೋ ರೂಲ್ ಇದ್ದಿದ್ದು ಅಧಿಕಾರಿಗಳಿಗೆ, ರೂಮ್‌ಮೇಟ್ ಕೇಳೇ ಕೇಳ್ತಾನೆ. ನಮ್ ಶಾಲೇಲೂ ಅಷ್ಟೇ, ರಜಾ ಮುಗಿಸಿ ಬಂದ ದಿನ ಲೈಟ್ಸ್ ಆಫ್ ಆದ್ಮೇಲೆ ಒಬ್ಬೊಬ್ರದ್ದೇ ವಿಚಾರಣೆ, ಏನೋ ನಿನ್ ಡವ್ ಸಿಕ್ಳಾ, ಏನಂದ್ಲು ಅಂತ. ನಾನು ನಮ್ಮತ್ತೆ ಮನೆ ಎದುರು ಒಬ್ಳಿದಾಳೆ ಅಂತ ಒಂದು ಹುಡುಗಿ ಹುಟ್ಟಿಸಿದ್ದೆ, ಅವಳ ಕಾಲೇಜು, ಅವಳ ಅಣ್ಣನ ಬೈಕು ಎಲ್ಲಾ ಫಿಕ್ಸ್ ಮಾಡಿ ರಫ್ ನೋಟ್‌ಬುಕ್ಕಿನ ಕೊನೇ ಪೇಜಲ್ಲಿ ಬರ್ಕೊಂಡಿದ್ದೆ, ಇಲ್ಲಾಂದ್ರೆ ಮುಂದಿನ ಟರ್ಮಲ್ಲಿ ಬೈಕಿನ ಕಂಪನಿ ಬದಲಾಗಿ ಸಿಕ್ಕಾಕೊಳ್ತಿದ್ದೆ. ಎಷ್ಟೋ ವರ್ಷ ಆದ್ಮೇಲೆ ಮಿಲ್ಲರ್ ಪತ್ರ ಓದಿದ್ರೆ ಅವಳೂ ಅದನ್ನೇ ಬರೆದಿದಾಳೆ, ಕೇಳೋರಿಗೆ ಒಪ್ಪಿಸೋಕೆ ಅಂತಲೇ ಗಂಡ್ ಹುಡುಗರ ಜೊತೆ ಓಡಾಡಿದ ಕಥೆ ಕಟ್ಕೊಂಡಿದ್ದೆ ಅಂತ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಲೈಂಗಿಕ ಕಿರುಕುಳ ಆದ್ರೂ ಕಂಪ್ಲೇಂಟ್ ಕೊಡ್ಲಿಲ್ವಂತೆ, ಕೊಟ್ರೆ ಓ ಇವಳು ಲೆಸ್ಬಿಯನ್ನು ಅಂತ ಶುರು ಆಗುತ್ತೆ ಅನ್ನೋ ಭಯಕ್ಕೆ.

ನಾನು ಸುಳ್ಳು ಹೇಳಿದ್ರೆ ಯಾರ ಗಂಟು ಹೋಗ್ತಿತ್ತು, ಯಾರದ್ದೂ ಇಲ್ಲ. ವೆಸ್ಟ್ ಪಾಯಿಂಟಲ್ಲಿ ಹಾಗಲ್ಲ. ಅಲ್ಲಿ ಕೆಡೆಟ್ ಸುಳ್ಳು ಹೇಳಲ್ಲ, ಮೋಸ ಮಾಡಲ್ಲ, ಕದಿಯಲ್ಲ, ಹಾಗ್ ಮಾಡೋರನ್ನ ಸಹಿಸೋದೂ ಇಲ್ಲ ಅನ್ನೋ ಆನರ್ ಕೋಡ್ ಇದೆ, ಅದನ್ನ ಮುರಿದ್ರೆ ಅಕಾಡೆಮಿಯಿಂದಲೇ ತೆಗೀಬಹುದು. ಅಂದ್ರೆ ನಿಜ ಹೇಳಿದ್ರೆ ಕಾನೂನು ಹೊರಗ್ ಹಾಕುತ್ತೆ, ಸುಳ್ಳು ಹೇಳಿದ್ರೆ ದಿನಾ ಬಾಯಿಪಾಠ ಮಾಡಿಸೋ ಕೋಡ್‌ಗೇ ದ್ರೋಹ. ಈ ಇಕ್ಕಟ್ಟಲ್ಲಿ ನಾಲ್ಕು ವರ್ಷ ಇರೋದನ್ನ ನೀವು 'ಬಾಯಿ ಮುಚ್ಕೊಂಡಿರೋದು' ಅಂತಿದೀರ.

ಮತ್ತೆ ಅವಳು ಎರಡು ವರ್ಷ ಮುಗಿಸಿ ಬಿಟ್ಟಿದ್ದಕ್ಕೂ ಲೆಕ್ಕಾಚಾರ ಇದೆ, ಇದನ್ನ ಯಾರೂ ಹೇಳಲ್ಲ. ಅಲ್ಲಿ ಮೂರನೇ ವರ್ಷ ಶುರುವಾಗೋ ತನಕ ಬಿಟ್ರೆ ಏನೂ ಕಟ್ಟಬೇಕಾಗಿಲ್ಲ, ಆಮೇಲೆ ಬಿಟ್ರೆ ಸೇವೆ ಮಾಡ್ಬೇಕು ಇಲ್ಲಾ ಓದಿನ ದುಡ್ಡು ವಾಪಸ್ ಕೊಡ್ಬೇಕು. ಅದಕ್ಕೇ ಆಗಸ್ಟ್.

ತೀರಾ ತಡ ಆದ್ರೆ ಏನಾಗುತ್ತೆ ಅಂತ ನೋಡ್ಬೇಕಂದ್ರೆ ಅವರ ನೇವಿ ಅಕಾಡೆಮಿಯ ಜೋಸೆಫ್ ಸ್ಟೆಫನ್ ಇದಾನೆ. 1987, ಕ್ಲಾಸಲ್ಲಿ ಮುಂದಿನ ಸಾಲಿನ ಹುಡುಗ, ಬೆಟಾಲಿಯನ್ ಕಮಾಂಡರ್, ಆರ್ಮಿ ನೇವಿ ಫುಟ್‌ಬಾಲ್ ಮ್ಯಾಚಲ್ಲಿ ರಾಷ್ಟ್ರಗೀತೆ ಹಾಡಿದೋನು. ಆಗ ಕೇಳಬಾರ್ದು ಅನ್ನೋ ಕಾನೂನು ಇನ್ನೂ ಬಂದಿರ್ಲಿಲ್ಲ, ಪದವಿಗೆ ಕೆಲವೇ ವಾರ ಇದ್ದಾಗ ನೀನು ಸಲಿಂಗಿನಾ ಅಂತ ನೇರ ಕೇಳಿದ್ರು, ಯೆಸ್ ಸರ್ ಅಂದ. ಡಿಗ್ರಿ ಇಲ್ಲ, ರಾಜೀನಾಮೆ ಬರೆಸ್ಕೊಂಡು ಕಳ್ಸಿದ್ರು. ಕೋರ್ಟಿಗೆ ಹೋದ, ಮೊದ್ಲು ಅಪೀಲಲ್ಲಿ ಗೆದ್ದ, 1994ರಲ್ಲಿ ಅದೇ ಕೋರ್ಟಿನ ಪೂರ್ಣ ಪೀಠದಲ್ಲಿ ಸೋತ.

ಈಗ ಪಬ್ಲಿಸಿಟಿ ವಿಷಯ. ಸ್ವಲ್ಪ ಯೋಚನೆ ಮಾಡಿ, ಹೇಳಿದ್ರೆ ಕೆಲಸ ಹೋಗೋ ಕಾನೂನಿನ ಬಗ್ಗೆ ಒಳಗಿದ್ದೋರು ಮಾತಾಡೋದಾದ್ರೂ ಹೆಂಗೆ? ಮಾತಾಡ್ಬೇಕಂದ್ರೆ ಮೊದ್ಲು ಹೊರಗೆ ಬರ್ಬೇಕು, ಇಲ್ಲಾ ಮಾತಾಡಿದ್ ತಕ್ಷಣ ಹೊರಗ್ ಹಾಕಿಸ್ಕೋಬೇಕು. ಇರಾಕಲ್ಲಿ ಸೇವೆ ಮಾಡಿದ್ದ, ಅರೇಬಿಕ್ ಬರ್ತಿದ್ದ ಲೆಫ್ಟಿನೆಂಟ್ ಡ್ಯಾನ್ ಚೋಯ್, ಅವನೂ ವೆಸ್ಟ್ ಪಾಯಿಂಟಿನೋನೇ, 2009ರಲ್ಲಿ ಟಿವಿಲಿ ಹೇಳ್ದ, 2010ರ ಜುಲೈನಲ್ಲಿ ತೆಗೆದೇ ಬಿಟ್ರು. ಮಿಲ್ಲರ್ ಬಿಟ್ಟಾಗ ಆ ಕಾನೂನು ತೆಗೆಯೋ ಚರ್ಚೆ ಅಮೆರಿಕನ್ ಕಾಂಗ್ರೆಸ್ಸಲ್ಲಿ ನಡೀತಿತ್ತು. ಪರ್ಸನಲ್ ರೀಸನ್ ಅಂತ ಬರೆದು ಹೋಗಿದ್ರೆ ಫೈಲು ಕಪಾಟು ಸೇರ್ತಿತ್ತು ಅಷ್ಟೇ. ಆ ಕಾನೂನು ತೆಗೆಯೋದಕ್ಕೆ 2010ರ ಡಿಸೆಂಬರ್ 22ಕ್ಕೆ ಒಬಾಮ ಸಹಿ ಹಾಕಿದ್ರು, ಅದು ಜಾರಿಗೆ ಬಂದಿದ್ದು 2011ರ ಸೆಪ್ಟೆಂಬರ್ 20. ಮಧ್ಯದಲ್ಲಿ ಅವಳು ವಾಪಸ್ ಸೇರಿಸ್ಕೊಳ್ಳಿ ಅಂತ ಅರ್ಜಿ ಹಾಕಿದ್ರೆ ಹಳೇ ಕಾನೂನು ಇನ್ನೂ ಜಾರಿಲಿದೆ ಅಂತ ಬೇಡ ಅಂದ್ರು. ಪಬ್ಲಿಸಿಟಿಗೆ ಬಿಟ್ಟೋಳು ವಾಪಸ್ ಅದೇ ಪರೇಡು, ಅದೇ ಬೆಳಗಿನ ಓಟಕ್ಕೆ ಯಾಕ್ರೀ ಅರ್ಜಿ ಹಾಕ್ತಾಳೆ.

ನಮ್ ದೇಶದ್ದು ಕೇಳಿದ್ರೆ, 2018ರಲ್ಲಿ ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ವಿಷಯದಲ್ಲಿ, ವಯಸ್ಕರು ಒಪ್ಪಿ ಇಟ್ಕೊಳ್ಳೋ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಡ್ತು, 2019ರ ಜನವರಿಲಿ ಆಗಿನ ಆರ್ಮಿ ಚೀಫ್ ಬಿಪಿನ್ ರಾವತ್ ಪ್ರೆಸ್ ಮೀಟಲ್ಲೇ ಇದು ಸೇನೇಲಿ ನಡೆಯಲ್ಲ, ಆರ್ಮಿ ಆ್ಯಕ್ಟ್ ಇದೆ ಅಂದ್ರು. ಸೇನೆಯೋರ ಮೂಲಭೂತ ಹಕ್ಕುಗಳನ್ನ ಮಿತಿ ಮಾಡೋಕೆ ಸಂವಿಧಾನದ 33ನೇ ವಿಧಿ ಪಾರ್ಲಿಮೆಂಟಿಗೆ ಅವಕಾಶ ಕೊಡುತ್ತೆ. ಮೇಜರ್ ಜೆ. ಸುರೇಶ್ ತಾನು ಗೇ ಅಂತ ಎಲ್ಲರಿಗೂ ಗೊತ್ತಾಗೋ ಹಾಗೆ ಬರೆದಿದ್ದು 2020ರಲ್ಲಿ, ಅದೂ ಸೇನೆ ಬಿಟ್ಟು ಎಷ್ಟೋ ವರ್ಷ ಆದ್ಮೇಲೆ. ಆ ಸುದ್ದಿ ನೋಡಿ ಒಬ್ಬ ಡೈರೆಕ್ಟರ್ ಗೇ ಸೈನಿಕನ ಕಥೆ ಬರೆದ್ರೆ 2022ರಲ್ಲಿ ರಕ್ಷಣಾ ಸಚಿವಾಲಯ ಅದಕ್ಕೂ ಪರ್ಮಿಷನ್ ಕೊಡ್ಲಿಲ್ಲ.

ಇನ್ನೊಂದು, ನೀವು ನಿಮಗೋಸ್ಕರನೋ ತಮ್ಮನಿಗೋಸ್ಕರನೋ ಕೇಳ್ತಿದ್ರೆ ಹೇಳ್ತೀನಿ, ಎನ್‌ಡಿಎಲಿ ವೆಸ್ಟ್ ಪಾಯಿಂಟಿನ ಆ ಎರಡು ವರ್ಷದ ಗ್ರೇಸ್ ಲೆಕ್ಕ ಇಟ್ಕೋಬೇಡಿ. ಸ್ವಂತ ಕಾರಣಕ್ಕೆ ಮಧ್ಯದಲ್ಲಿ ಬಿಟ್ರೆ ಟ್ರೈನಿಂಗ್ ಖರ್ಚು ವಸೂಲಿ ಮಾಡಬಹುದು ಅಂತ ಸೇರುವಾಗಲೇ ಅಪ್ಪ ಅಮ್ಮನ ಹತ್ರ ಬರೆಸ್ಕೋತಾರೆ. ಫಾರ್ಮ್ ತುಂಬೋ ಮುಂಚೆ ನೋಟಿಫಿಕೇಶನ್ನಲ್ಲಿ ಆ ಪ್ಯಾರಾ ಪೂರ್ತಿ ಓದಿ, ಓದಿ ಅರ್ಥ ಆಗ್ಲಿಲ್ಲಾಂದ್ರೆ ಕಾಮೆಂಟಲ್ಲಿ ಕೇಳಿ.