ತೋಳಿನ ಮೇಲಿನ ಬೆರಳಗುರುತು

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಸಮುದಾಯ ಆರೋಗ್ಯ ಕೇಂದ್ರವೊಂದರಲ್ಲಿ ಶುಶ್ರೂಷಕಿ. ಸಕ್ಕರೆ ಕಾಯಿಲೆಯಿರುವ ಎಪ್ಪತ್ತು ದಾಟಿದ ಆಯಿಯೊಬ್ಬರು ಎರಡು ತಿಂಗಳಲ್ಲಿ ಮೂರು ಸಲ ಬಂದಿದ್ದಾರೆ. ಎರಡೂ ತೋಳುಗಳ ಒಳಬದಿಯಲ್ಲಿ ಕಂದುಗಟ್ಟಿದ ಗುರುತುಗಳಿವೆ. ‘ಬಚ್ಚಲದಾಗ ಜಾರಿ ಬಿದ್ದಾಳ’ ಎನ್ನುವ ಮಗ ಅವರನ್ನು ಮಾತನಾಡಲು ಬಿಡುವುದಿಲ್ಲ. ಮೊನ್ನೆ ಪಟ್ಟಿ ಕಟ್ಟುವಾಗ ಆಯಿ ಮೆಲ್ಲಗೆ, ‘ಯಾರ ಮುಂದೂ ಹೇಳಬ್ಯಾಡವ್ವಾ’ ಎಂದರು. ನಾನು ಏನು ಮಾಡಬೇಕು?

ಉತ್ತರ: ಹೇಳಬೇಕಾದದ್ದೊಂದು ಇದೆ ಎಂಬುದನ್ನು ಆಯಿಯ ಆ ಮಾತೇ ಒಪ್ಪಿಕೊಂಡಿದೆ. ಜಾರಿ ಬಿದ್ದವರಿಗೆ ಸಾಮಾನ್ಯವಾಗಿ ಮೊಣಕಾಲು, ಅಂಗೈ, ಹಣೆ, ಸೊಂಟಕ್ಕೆ ಪೆಟ್ಟಾಗುತ್ತದೆ. ಎರಡೂ ತೋಳುಗಳ ಒಳಬದಿಯಲ್ಲಿ ಮಾತ್ರ ಗುರುತು ಮೂಡಿದ್ದರೆ ಯಾರೋ ಬಿಗಿಯಾಗಿ ಹಿಡಿದಿರಬಹುದೆಂಬ ಅನುಮಾನ ಸಹಜ. ಆದರೆ ವಯಸ್ಸಾದವರ ಚರ್ಮ ತೆಳುವಾಗಿರುವುದರಿಂದ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ, ಸಣ್ಣ ತಾಗುವಿಕೆಗೂ ಮುಂಗೈ ಮೇಲೆ ನೇರಳೆ ಕಲೆಗಳೇಳುತ್ತವೆ. ಆದ್ದರಿಂದ ಅವರು ಸೇವಿಸುವ ಔಷಧಗಳನ್ನು ಮೊದಲು ನೋಡಿರಿ. ಕಲೆಯ ಬಣ್ಣ ನೋಡಿ ಪೆಟ್ಟಾದ ದಿನವನ್ನು ಲೆಕ್ಕಹಾಕಲು ಹೋಗಬೇಡಿ, ಅದು ನಂಬುವಂಥದ್ದಲ್ಲ. ಮಾತ್ರೆ ಬರೆದುಕೊಟ್ಟರೂ ಸಕ್ಕರೆ ಇಳಿಯದಿರುವುದು, ಬೆನ್ನಿನ ಹುಣ್ಣು, ಪಿಂಚಣಿ ಹಣ ಕೈಗೆ ಸಿಗದಿರುವುದು, ಇವೂ ಕೇಳಿ ತಿಳಿಯಬೇಕಾದ ಸಂಗತಿಗಳೇ, ಹೊಡೆತವಷ್ಟೇ ದೌರ್ಜನ್ಯವಲ್ಲ.

ಮಗನನ್ನು ಔಷಧದ ಚೀಟಿಯೊಂದಿಗೆ ಹೊರಗೆ ಕಳುಹಿಸಿ, ಆಯಿಯ ಪಕ್ಕ ಕುಳಿತು, ‘ಮನ್ಯಾಗ ಹೊತ್ತಿಗಿ ಸರಿಯಾಗಿ ಊಟ ಕೊಡ್ತಾರೇನ್ರಿ? ಯಾರರ ಅಂಜಸ್ತಾರೇನ್ರಿ?’ ಎಂದು ಅವರ ಮಾತಿನಲ್ಲೇ ಕೇಳಿರಿ. ಮಗನ ಮೇಲೆ ಅಲ್ಲಿಯೇ ಆರೋಪ ಹೊರಿಸಬೇಡಿ, ಏಕೆಂದರೆ ಸಂಜೆ ಆಯಿ ಹಿಂತಿರುಗಬೇಕಾದದ್ದು ಅದೇ ಮನೆಗೆ. ಹಾಗೆಯೇ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ. ಒಬ್ಬನೇ ನೋಡಿಕೊಂಡು ದಣಿದ ಮಗನೂ ಇರಬಹುದು, ಅವನಿಗೂ ನೆರವು ಬೇಕಾಗಬಹುದು. ಹಾಗೆಂದು ಗುರುತುಗಳನ್ನು ದಾಖಲಿಸದೆ ಬಿಡಲಾಗದು. ಗಾಯದ ಜಾಗ, ಅಳತೆ, ದಿನಾಂಕ, ವೇಳೆಯನ್ನೂ ಆಯಿ ಹೇಳಿದ ಮಾತನ್ನು ಹೇಳಿದಂತೆಯೇ ಕೇಸ್ ಶೀಟಿನಲ್ಲಿ ಬರೆದು, ಅಂದೇ ವೈದ್ಯಾಧಿಕಾರಿಗಳ ಗಮನಕ್ಕೆ ತನ್ನಿರಿ. ಹಲ್ಲೆಯ ಗಾಯವೆನಿಸಿದರೆ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್, ಅಂದರೆ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ದಾಖಲಿಸಿ ಪೊಲೀಸರಿಗೆ ತಿಳಿಸುವುದು ಅವರ ಹೊಣೆ. ತನಿಖೆ ನಿಮ್ಮ ಕೆಲಸವಲ್ಲ. ಜೀವಕ್ಕೆ ಅಪಾಯ ಕಂಡರೆ 112ಕ್ಕೆ ಕರೆ ಮಾಡಲು ಯಾರ ಒಪ್ಪಿಗೆಗೂ ಕಾಯಬೇಡಿ.

ಅಂಥ ತುರ್ತಿಲ್ಲದೆ, ಆಯಿಯ ಬುದ್ಧಿ ಸ್ವಾಧೀನದಲ್ಲಿದ್ದರೆ, ಮುಂದಿನ ಹೆಜ್ಜೆಯನ್ನು ಅವರ ಇಚ್ಛೆಯಂತೆ ಇಡಬೇಕು. ಹಿರಿಯ ನಾಗರಿಕರ ಸಹಾಯವಾಣಿ 14567 ಅನ್ನು ತಿಳಿಸಿರಿ. ಪಾಲಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಸಹಾಯಕ ಆಯುಕ್ತರ ನ್ಯಾಯಮಂಡಳಿಗೆ ಜೀವನಾಂಶಕ್ಕಾಗಿ ಅರ್ಜಿ ಹಾಕಬಹುದು. ತಾವೇ ಹೋಗಲಾಗದವರು ಬೇರೆಯವರಿಗೆ ಅಧಿಕಾರ ಕೊಡಬಹುದು, ಮಂಡಳಿಯೇ ತಾನಾಗಿಯೂ ವಿಚಾರಣೆಗೆ ಎತ್ತಿಕೊಳ್ಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಹೊಲವನ್ನು ದಾನಪತ್ರ ಮಾಡಿಕೊಟ್ಟಿದ್ದು, ಆ ಷರತ್ತು ಮುರಿದಿದ್ದರೆ, 23ನೇ ಕಲಮಿನಡಿ ಅದನ್ನು ರದ್ದುಪಡಿಸುವಂತೆ ಕೇಳಲು ಅವಕಾಶವಿದೆ; ಎಲ್ಲಾದರೂ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆಯೇ ಎಂದು ಕೇಳಿ ನೋಡಿರಿ.

ಇಂದು ಅವರು ಏನೂ ಹೇಳದಿದ್ದರೂ, ಸಕ್ಕರೆ ಪರೀಕ್ಷೆಯ ನೆಪದಲ್ಲಿ ಒಂದು ವಾರದೊಳಗೆ ಮತ್ತೆ ಬರಹೇಳಿರಿ, ನಡುವೆ ಆಶಾ ಕಾರ್ಯಕರ್ತೆಯೊಬ್ಬರು ಮನೆಗೆ ಹೋಗಿಬರುವಂತೆ ವೈದ್ಯಾಧಿಕಾರಿಗಳನ್ನು ಕೇಳಿರಿ.